ಭಟ್ಟಿಯೊಳಗೆ ನೂರು ವ್ಯಾಟ್

ಕರೂರಿನ ನಮ್ಮ ಶೆಡ್ಡಿನಲ್ಲಿ ಇದು ಪಾಸಾಗಿತ್ತು.
ಕಿಟಕಿ ಮುಚ್ಚಿ, ಫ್ಯಾನು ಆರಿಸಿ,
ಗಾಳಿ ಅಲುಗದ ಹಾಗೆ ಸುತ್ತ ಪ್ಲೈವುಡ್ ನಿಲ್ಲಿಸಿ
ಮೂರು ತಾಸು ಉರಿಸಿದ್ದೆವು.
ಮೊದಲ ಇಪ್ಪತ್ತು ನಿಮಿಷ ಗೆರೆ ಕುದುರೆಯಂತೆ ಏರಿತು,
ಆಮೇಲೆ ಏದುಸಿರು, ಆಮೇಲೆ ನಡಿಗೆ,
ಅರವತ್ತೆಂಟಕ್ಕೆ ಬಂದು ಚಾಪೆ ಹಾಸಿ ಮಲಗಿತು.
ಅರ್ಧ ತಾಸು ಕಾದರೂ ಒಂದು ಡಿಗ್ರಿ ಮಿಸುಕಲಿಲ್ಲ.
ಬಕ್ಕೇಶಿ ರಿಜಿಸ್ಟರಿನಲ್ಲಿ ಬರೆದ: ಸ್ಥಿರ.
ಕೆಳಗೆ ನನ್ನ ಸಹಿ.

ಸಹಿ ಮಾಡಿದವಳೇ ಈಗ ಏಣಿ ಹತ್ತಿದ್ದೇನೆ.

ದಾವಣಗೆರೆಯ ಮಂಡಕ್ಕಿ ಭಟ್ಟಿ, ಬೆಳಗಿನ ನಾಲ್ಕೂವರೆ.
ಊರಿಗೆಲ್ಲ ತಂಪು, ಇಲ್ಲಿ ಮಾತ್ರ
ತಗಡಿನ ಮಾಡಿನ ಕೆಳಗೆ ನಲವತ್ತೇಳು.
ಅಲ್ಯೂಮಿನಿಯಂ ರೆಕ್ಕೆಯ ಬುಡಕ್ಕೆ
ಕೂದಲೆಳೆಯಂಥ ತಂತಿಯ ತುದಿ ಅಂಟಿಸುತ್ತೇನೆ,
ಹಳದಿ ಟೇಪು ಬೆವರಿಗೆ ಜಾರುತ್ತದೆ, ಮತ್ತೆ ಒತ್ತುತ್ತೇನೆ.
ಕೆಳಗೆ ಬಕ್ಕೇಶಿ ಏಣಿ ಹಿಡಿದು ಅಂಕಿ ಕೂಗುತ್ತಾನೆ,
ಮಂಡಿಯ ಹರಾಜಿನವನ ಹಾಗೆ:
ಎಪ್ಪತ್ತೊಂಬತ್ತು. ಎಂಬತ್ತಾರು.
ತೊಂಬತ್ತೊಂದು ಮೇಡಂ, ತೊಂಬತ್ತೊಂದು.

ಜನ ತಿಳಿದಿರುವುದು ದೀಪ ಅಂದರೆ ಬೆಳಕು.
ನಮ್ಮ ಲೆಕ್ಕ ಬೇರೆ.
ನೂರು ರೂಪಾಯಿ ಕೊಟ್ಟರೆ ಮೂವತ್ತೈದಕ್ಕಷ್ಟೇ ಬೆಳಕು,
ಮಿಕ್ಕದ್ದು ಶಾಖ, ಚಿಪ್ಪಿನ ಬೆನ್ನಿಗೆ ಬಿದ್ದ ಹೊರೆ.
ಅದನ್ನು ಯಾರಾದರೂ ಹೊತ್ತು ಸಾಗಿಸಬೇಕು.
ಪೇಸ್ಟು ಲೋಹಕ್ಕೆ, ಲೋಹ ರೆಕ್ಕೆಗೆ,
ರೆಕ್ಕೆ ಗಾಳಿಗೆ.
ಈ ಸಾಲಿನಲ್ಲಿ ಒಬ್ಬ ಕೈ ಬಿಟ್ಟರೂ
ಎಲ್ಲ ಹಿಂದಿನವನ ತಲೆ ಮೇಲೆ.

ಒಲೆಯ ಮುಂದೆ ಜೈತುನ್‌ಬಿ.
ಅವಳಿಗೆ ತಂತಿ ಇಲ್ಲ, ಮೀಟರಿಲ್ಲ.
ಬಾಣಲೆಯ ಮರಳಿಗೆ ನಾಲ್ಕು ಕಾಳು ಎಸೆದು
ಸದ್ದು ಕೇಳುತ್ತಾಳೆ. "ಇನ್ನೂ ಹಸಿ ಐತಿ."
ಹೊಟ್ಟು ಇನ್ನೊಂದು ಬುಟ್ಟಿ. ಮತ್ತೆ ನಾಲ್ಕು ಕಾಳು.
ಈ ಸಲ ಚಟ್ ಅಂದವು, ಅರಳಿದವು,
ಅವಳು ಜರಡಿ ಎತ್ತಿ ಆಗಿತ್ತು;
ನನ್ನ ಲಾಗರ್ ಇನ್ನೂ ಮುಂದಿನ ಅಂಕಿಗೆ ಯೋಚಿಸುತ್ತಿತ್ತು.

"ಏನವ್ವಾ, ಅದಕ್ಕೂ ಜ್ವರ ಬಂದೈತಾ?" ಎಂದಳು ಕತ್ತೆತ್ತಿ.
ಹೌದು ಎಂದೆ.
"ಎರಡು ತಿಂಗಳಾತು ನೀವು ತೂಗುಹಾಕಿ.
ಮೊದಲು ಕಣ್ಣು ಚುಚ್ಚತಿತ್ತು. ಈಗ ಮಂಕು ಬಡದೈತಿ.
ರಗ್ಗು ಹೊಚ್ಕೊಂಡು ಯಾರು ತಣ್ಣಗಿರ್ತಾರ?"

ರಗ್ಗು?
ರೆಕ್ಕೆಗಳ ನಡುವೆ ಸ್ಕ್ರೂಡ್ರೈವರ್ ತೂರಿಸಿ ಕೆರೆದೆ.
ಬೂದಿ. ಹೊಟ್ಟಿನ ಬೂದಿ,
ಉಪ್ಪುನೀರಿನ ಹಬೆ ಕುಡಿದು ಗಟ್ಟಿಯಾದದ್ದು,
ಆರು ಮಿಲಿಮೀಟರಿನ ಸಂದಿ ತುಂಬ.
ಒಂದು ಹೆಂಟೆ ಕಳಚಿ ಬಕ್ಕೇಶಿಯ ನೆತ್ತಿಗೆ ಬಿತ್ತು.
ಮೊನ್ನೆಯಷ್ಟೇ ಡೈ ಮಾಡಿಸಿದ್ದ ಕೂದಲು
ನಿಮಿಷದಲ್ಲಿ ಅರವತ್ತು ವರ್ಷದ್ದಾಯಿತು.

ಪ್ಲೈವುಡ್ಡಿನ ಗೂಡಿನಲ್ಲಿ ಗಾಳಿಯನ್ನು ಕಟ್ಟಿಹಾಕಿದ್ದೆ;
ಬೂದಿಯನ್ನು ಒಳಗೆ ಕರೆದಿರಲಿಲ್ಲ.

ಖಲಂದರ್ ಸಾಹುಕಾರರು ಚಹಾ ಕಳಿಸಿದರು.
ಗ್ಯಾರಂಟಿ ಎಷ್ಟು ವರ್ಷ ಎಂದು ಕೇಳಲಿಲ್ಲ,
ನೋಡಿದರು ಅಷ್ಟೆ.
ಪೇಂಟಿನ ಬ್ರಶ್ಶು ಹಿಡಿದು ಒಂದೊಂದೇ ಸಂದಿ ಗುಡಿಸಿದೆ.
ತೊಂಬತ್ತೊಂದು ತೊಂಬತ್ತಾಗಲು ಎಂಟು ನಿಮಿಷ ಹಿಡಿಯಿತು.
ಎಂಬತ್ತೊಂದಕ್ಕೆ ಇಳಿದು ನಿಂತಾಗ
ಬೆಳಗಾಗಿತ್ತು, ಯಾರಿಗೂ ದೀಪ ಬೇಕಿರಲಿಲ್ಲ.

ಶೆಡ್ಡಿಗೆ ಬಂದು ರಿಜಿಸ್ಟರ್ ತೆಗೆದೆ.
ಸ್ಥಿರ, ಸರಿ, ಆದರೆ ಎಲ್ಲಿ?
ಅದಕ್ಕೆ ಕಾಲಂ ಇರಲಿಲ್ಲ. ಅಂಚಿನಲ್ಲಿ ಬರೆದೆ:
ಮುಂದಿನ ಅಚ್ಚಿಗೆ ಸಂದಿ ಹನ್ನೆರಡು ಮಿಲಿಮೀಟರ್.
ರೆಕ್ಕೆ ಕಡಿಮೆ, ಉದ್ದ ಹೆಚ್ಚು, ಖರ್ಚೂ ಹೆಚ್ಚು.
ನೆತ್ತಿ ಚಪ್ಪಟೆ ಬೇಡ, ಇಳಿಜಾರು ಇರಲಿ.

ಚೀಲದಲ್ಲಿ ಜೈತುನ್‌ಬಿ ಕೊಟ್ಟ ಮಂಡಕ್ಕಿ,
ಪೇಪರಿನ ಪೊಟ್ಟಣ, ಇನ್ನೂ ಬೆಚ್ಚಗೆ.
ಯಾರೂ ಇಲ್ಲದ್ದು ನೋಡಿ
ತಂತಿಯ ತುದಿಯನ್ನು ಅದರೊಳಗೂ ತೂರಿಸಿದೆ.
ಮೂವತ್ತೊಂಬತ್ತು. ಇಳಿಯುತ್ತಿತ್ತು.
ಬಕ್ಕೇಶಿ ತಲೆ ತೊಳೆದುಕೊಂಡು ಬಂದು
ಒಂದು ಹಿಡಿ ಬಾಯಿಗೆ ಹಾಕಿಕೊಂಡ.