ಯಾವ ತಿಂಗಳು

ವಾಡಿಯ ಮೇ ಮಧ್ಯಾಹ್ನ. ಶಹಾಬಾದ್ ಫರ್ಶಿಗೆ
ಒಂದು ಬಕೀಟು ನೀರು ಸುರಿದು
ಬೆನ್ನು ಹಚ್ಚಿ ಮಲಗಿದ್ದೆವು ನಾನು, ತಾಹೇರಾ;
ನಡುವೆ ಮಗಳ ಶಾಲೆಯ ಅಟ್ಲಾಸು.

ಚೀಟಿ ಎತ್ತಿದ ದುಡ್ಡಿತ್ತು. ಊರೂ ಗೊತ್ತಿತ್ತು:
ನಕಾಶೆ ಮುಗಿಯುವಲ್ಲಿ, ಬಿಳಿಯ ಅಂಚಿಗೆ.
ತಂಟೆ ಇದ್ದದ್ದು ತಿಂಗಳದ್ದು.

"ಜೂನಿನ್ಯಾಗ ಅಲ್ಲಿ ಹೊತ್ತೇ ಮುಳುಗಂಗಿಲ್ಲಂತ."
"ಹೊತ್ತು ನೋಡಾಕ ವಾಡಿ ಬಿಟ್ಟು ಹೋಗಬೇಕೇನು?"
"ರೋಜಾ ಬಂದ್ರ ಬಿಡೋದ್ಯಾವಾಗ?" ಅಂದಳು ಅವಳೇ,
ನಕ್ಕು ಮಗ್ಗುಲಾದಳು.

ಹಾಗಾದರೆ ಡಿಸೆಂಬರು:
ಎರಡು ತಿಂಗಳು ಉದಯವೇ ಇಲ್ಲ,
ಬರೀ ಹಸಿರು ಬೆಳಕು, ಒಣಹಾಕಿದ ದುಪಟ್ಟಾದ ಹಾಗೆ
ಮುಗಿಲಿಗೆ ತೂಗುಬಿದ್ದು.
ಕಣ್ಣು ಮುಚ್ಚಿದೆ. ಫರ್ಶಿ ಆಗಲೇ ಒಣಗಿತ್ತು.

ಸಂಜೆ ಬಜಾರಿನಲ್ಲಿ ಕೈಗವಸು ಕೇಳಿದರೆ
ಸಿಮೆಂಟ್ ಫ್ಯಾಕ್ಟರಿಯ ವೆಲ್ಡರನದು ತೆಗೆದಿಟ್ಟ.
ತಾಹೇರಾ ಬೆರಳು ತೂರಿಸಿ ನೋಡಿದಳು.
"ಇನ್ನೊಂದು ಜೋಡಿ ಅದೇನ್ರಿ?"