ಕೆಚ್ಚು

ಬಾಗಿಲ ಮೇಲೆ ಬರೆದದ್ದು ಆಪ್ತಸಮಾಲೋಚಕಿ ಎಂದು.
ಬೆಟಗೇರಿಯಲ್ಲಿ ಅಷ್ಟುದ್ದದ ಹೆಸರು ಯಾರ ಬಾಯಲ್ಲೂ ನಿಲ್ಲುವುದಿಲ್ಲ,
ಮಾತಿನಕ್ಕ ಅನ್ನುತ್ತಾರೆ.
ಆಯಾ ದ್ಯಾಮವ್ವ ಮಾತ್ರ 'ಅಳಸೂ ಬಾಯಿ' ಅಂತಾಳೆ,
ನಾನು ಕೂತ ಮಂಚದ ಹತ್ತಿರ
ಹತ್ತು ಮಿನಿಟಿಗೆ ಯಾರಾದರೂ ಅಳುತ್ತಾರಂತೆ.

ಹನ್ನೊಂದನೇ ಮಂಚ, ಅಂಬಾಸಾ.
ಮೊದಲು ಕುಣಿಮಗ್ಗ, ಆಮೇಲೆ ಕರೆಂಟು ಮಗ್ಗ,
ಐವತ್ತು ವರ್ಷ ನೇಯ್ದ ಕಾಲು ಈಗ ಬಾತು, ಕಣ್ಣು ಅರಿಷಿಣ.
ಮಗ ವಿಠ್ಠಲಸಾ ನನ್ನನ್ನು ಮೆಟ್ಟಿಲ ಕೆಳಗೆ ಕರೆದ:
"ಅಪ್ಪಗ ಹೇಳಬ್ಯಾಡ್ರಿ. ಕಾಮಣಿ ಅಂತ ಅಂದೀವಿ.
ಖರೇ ಗೊತ್ತಾದ್ರ ಇವತ್ತ ಹೋಗಿಬಿಡ್ತಾನ."
ಮಧ್ಯಾಹ್ನ ಅಂಬಾಸಾ ಬೆರಳು ಮಾಡಿ ಕರೆದರು:
"ಮಗಗ ಹೇಳಬ್ಯಾಡ್ರಿ, ನನಗ ಗೊತ್ತೈತಿ ಅಂತ.
ಅಂವಾ ಸಣ್ಣಾಂವ, ತಡಕೊಳ್ಳಾಂಗಿಲ್ಲ."
ಸಣ್ಣವನಿಗೆ ನಲವತ್ತಾರು.

ಎರಡೂ ಗುಟ್ಟು ಒಂದೇ ಗುಟ್ಟು.
ಎರಡು ಕಿಸೆಯಲ್ಲಿ ಇಟ್ಟುಕೊಂಡು ನಾಲ್ಕು ದಿನ ತಿರುಗಿದೆ.
ತರಬೇತಿಯಲ್ಲಿ ಹೇಳಿದ್ದರು: ಕೇಳಿಸಿಕೊ, ಅವಸರ ಬೇಡ,
ನಿನ್ನ ದೇವರನ್ನು ಅವರ ಬಾಯಿಗೆ ತುರುಕಬೇಡ.
ನಮ್ಮಪ್ಪ ಇದೇ ವಾರ್ಡುಗಳಲ್ಲಿ ಬೈಬಲ್ ಓದುತ್ತಿದ್ದ,
ಓದಿ ಮುಗಿಸಿ ಎದ್ದು ಹೋಗುತ್ತಿದ್ದ.
ನಾನು ಓದುವುದಿಲ್ಲ, ಎದ್ದೂ ಹೋಗುವುದಿಲ್ಲ.

ತುಳಜಾಬಾಯಿಗೆ ಕಿವಿ ಮಂದ.
ಮಗ್ಗದ ಸದ್ದಿನ ಓಣಿಗಳಲ್ಲಿ ಮುದುಕರಿಗೆಲ್ಲ ಹಾಗೇ.
ಅವರಿಗೆ ಪಿಸುಮಾತಿನಲ್ಲಿ ಸಮಾಧಾನ ಹೇಳಲಾಗದು.
"ಹೆಂಗದೀರಿ?" ಎಂದು ಕೂಗಿದರೆ
ಇಡೀ ವಾರ್ಡು "ಆರಾಮ ರೀ" ಅನ್ನುತ್ತದೆ.
ಒಂದು ರಾತ್ರಿ ಕರೆಂಟು ಹೋದಾಗ ಅವರೇ ಕೇಳಿದರು
ನೀ ಇಲ್ಲಿ ಮಾಡೂ ಕೆಲಸರ ಏನವಾ ಎಂದು.
ಹೇಳಿದೆ. ಕೇಳಿಸಲಿಲ್ಲ. ಮತ್ತೆ ಹೇಳಿದೆ.
"ಅಂದ್ರ ಕೆಚ್ಚೂ ಕೆಲಸ" ಅಂದರು.

ಹಾಸು ಮುಗಿದಾಗ
ಹಳೇ ಎಳೆಯ ತುದಿಗೆ ಹೊಸ ಎಳೆಯ ತುದಿ,
ಸಾವಿರಗಟ್ಟಲೆ, ಗಂಟಿಲ್ಲದೆ ಹೊಸೆದು ಕೂಡಿಸುವುದು.
ಹನ್ನೆರಡರ ವಯಸ್ಸಿನಿಂದ ಅದೇ ಅವರ ದುಡಿಮೆ.
ಹರಿದ ಸೆರಗಿನಿಂದ ಎರಡು ನೂಲು ಕಿತ್ತು ಕೊಟ್ಟರು: ಮಾಡು.
ಮಾಡಿದೆ. ಬಿಚ್ಚಿತು. ಮಾಡಿದೆ. ಬಿಚ್ಚಿತು.
"ಬರೇ ಬೆರಳಿಗೆ ಕೂಡೂದಿಲ್ಲವಾ, ಬೂದಿ ಬೇಕು."
ಸೊಂಟದ ಸಂಚಿಯಿಂದ ಒಂದು ಚಿಟಿಕೆ,
ಒಲೆಯದೋ ಗುಡಿಯದೋ ನಾನು ಕೇಳಲಿಲ್ಲ.
"ಜಗ್ಗಬ್ಯಾಡ. ತುದಿ ಮ್ಯಾಲೆ ತುದಿ ಮಲಗಸು,
ಅವಕ್ಕ ಗೊತ್ತಾಗಧಂಗ ಹೊಸಿ."

ಮರುದಿನ ನಾನು ಏನೂ ಹೇಳಲಿಲ್ಲ.
ಚರಿಗೆಯಲ್ಲಿ ಬಿಸಿನೀರು, ಸಾಬೂನು, ಬ್ಲೇಡು
ವಿಠ್ಠಲಸಾನ ಕೈಗೆ ಕೊಟ್ಟು
ಅಪ್ಪನ ಗಡ್ಡ ಮಾಡಪ್ಪ ಅಂದೆ.
ಪರದೆ ಎಳೆದು ಹೊರಗೆ ಸ್ಟೂಲಿನ ಮೇಲೆ ಕೂತೆ.

ಕರಕರ.
"ಎಡಗಡೀ ಮಗ್ಗ ಇಟ್ಕೋ. ಇನ್ನೊಂದು ತೂಕಕ್ಕ ಕೊಟ್ಟಬಿಡು."
ಕರಕರ ನಿಂತಿತು.
"ನಿಮ್ಮವ್ವನ್ನ ಮ್ಯಾಲಿನ ಖೋಲಿಗೆ ಹಾಕಬ್ಯಾಡ,
ಆಕಿಗೆ ಮೆಟ್ಟಲಾ ಆಗೂದಿಲ್ಲ."
ಎಷ್ಟೋ ಹೊತ್ತಿನ ಮೇಲೆ ಮಗ ಅಂದದ್ದು
"ಹೂಂ".
ಮತ್ತೆ ಬ್ಲೇಡು, ಬಹಳ ಮೆಲ್ಲಗೆ,
ಗಂಟಲ ಹತ್ತಿರ.

ಯಾರೂ ಅಳಲಿಲ್ಲ. ದ್ಯಾಮವ್ವನಿಗೆ ಹೇಳಬೇಕು.

ಏಳನೇ ಮಂಚದ ಹುಡುಗಿಯ ತಂದೆಗೆ
ಯಾವ ಬೂದಿಯೂ ಹತ್ತಲಿಲ್ಲ.
ನನ್ನನ್ನು ಕಂಡರೆ ಗೋಡೆಗೆ ಮುಖ ಮಾಡುತ್ತಾನೆ.
ಪಕ್ಕದಲ್ಲಿ ಕೂತು ನಾನೂ ಗೋಡೆ ನೋಡುತ್ತೇನೆ.
ಸುಣ್ಣ ಎದ್ದಿದೆ. ಒಂದು ಕಡೆ ಯಾರೋ
ಪೆನ್ಸಿಲಿನಲ್ಲಿ ಔಷಧದ ಲೆಕ್ಕ ಕೂಡಿಸಿ
ಅರ್ಧಕ್ಕೆ ಬಿಟ್ಟಿದ್ದಾರೆ.

ತಿಂಗಳಾದ ಮೇಲೆ ತುಳಜಾಬಾಯಿ ಬಂದರು,
ಮಂಚದ ಕೆಳಗೆ ಮರೆತ ಡಬ್ಬಿಗೆ.
ಬಳೆಯಿಲ್ಲದ ಕೈಯಲ್ಲಿ ನನ್ನ ಗಲ್ಲ ಹಿಡಿದು
ಮೊದಲ ಸಲ ಕೇಳಿದರು:
"ನಿನ್ನ ಹೆಸರೇನವಾ?"
ಹೇಳಿದೆ. ಕೇಳಿಸಲಿಲ್ಲ.
ಇಡೀ ವಾರ್ಡಿಗೆ ಕೇಳುವಂತೆ
ಕೂಗಿದೆ.