ನೂರ ತೊಂಬತ್ತು ಊಟ

ವಿಲ್ಸನ್ ಗಾರ್ಡನ್ ಬಂಕಿನ ಮೂಲೆ, ಹೊಗೆ ನೋಡುವ ವ್ಯಾನು.
ಹುಡುಗ ಸೈಲೆನ್ಸರಿಗೆ ಕೊಳವೆ ತುರುಕಿ
ಪರದೆ ನೋಡಿ ತುಟಿ ಕಚ್ಚಿದ.
'ಅಕ್ಕಾ, ಮೂರರೊಳಗೆ ಇರಬೇಕಾದ್ದು ಐದೂಮುಕ್ಕಾಲು.'
ಜ್ವರ ನೋಡಿದವರ ದನಿ.

ತೊಂಬತ್ತೇಳರ ಮಾರುತಿ. ಹಿಂದಿನ ಸೀಟು ಕಿತ್ತು
ಊಟದ ಡಬ್ಬಿಗಳಿಗೆ ಹಲಗೆ ಹಾಕಿಸಿದ್ದೇನೆ.

'ಇನ್ನೂರು ಕೊಟ್ಬಿಡಿ' ಅಂದ, ಮೆಲ್ಲಗೆ,
'ಕೊಳವೆ ಆ ಗಾಡಿಗೆ, ಫೋಟೋ ನಿಮ್ಮ ನಂಬರಿಗೆ.'
ಪಕ್ಕದಲ್ಲಿ ಹೊಸ ಬಿಳಿ ಕಾರು
ಏನೂ ಅರಿಯದ ಮದುಮಗನ ಹಾಗೆ ನಿಂತಿತ್ತು.
ಒಪ್ಪುತ್ತಿದ್ದೆ, ಸುಳ್ಳೇಕೆ.
ಪರ್ಸಿನಲ್ಲಿದ್ದದ್ದು ನೂರೆಂಬತ್ತು.
'ಇದಕ್ಕೆ ಫೋನಲ್ಲಿ ಹಾಕಂಗಿಲ್ಲ ಅಕ್ಕಾ.'
ಸೊಪ್ಪಿನವಳ ಹತ್ತಿರ ಎರಡು ರೂಪಾಯಿಗೆ ಜಗಳವಾಡುವ ನಾಲಿಗೆ
ಅಲ್ಲಿ ಏಳಲೇ ಇಲ್ಲ.

ಸಿದ್ದಾಪುರದ ಜಬ್ಬಾರ್ ಮೇಸ್ತ್ರಿ
ಬಾನೆಟ್ಟಿನೊಳಗೆ ಕಿವಿಯಿಟ್ಟು ಕೇಳಿ
ಬೀಡಿ ಕಟ್ಟಿನ ಕಾಗದ ಬಿಚ್ಚಿ ಬರೆದರು:
ಕಾರ್ಬುರೇಟರ್ ಬಿಚ್ಚಿ ತೊಳೆಯೋದು, ಕಿಟ್ ಸಮೇತ.
ರಿಂಗು. ವಾಲ್ವ್ ಸೀಲು. ಹೊಗೆಕೊಳವೆಯ ತೂತಿಗೆ ವೆಲ್ಡಿಂಗು.
ಪ್ಲಗ್ಗು ಮೂರು. 'ನಾಲ್ಕಲ್ಲ ನೋಡಿ, ಅಷ್ಟು ಉಳೀತು.'
ಕೂಲಿ ಬರೆದು, ಹೊಡೆದುಹಾಕಿ, ಕಡಿಮೆ ಬರೆದರು.
ಹನ್ನೊಂದು ಸಾವಿರದ ನಾನೂರು.
ಗುಜರಿಗೆ ಹಾಕಿದರೆ?
ಹದಿನೆಂಟು ಬರುತ್ತೆ ಅಂದರು,
ಅಂದು, ಒರೆಸಿದ ಸ್ಪ್ಯಾನರನ್ನೇ ಒರೆಸುತ್ತಿದ್ದರು.

ನನ್ನ ಲೆಕ್ಕ ರೂಪಾಯಿಯಲ್ಲಿ ನಡೆಯುವುದಿಲ್ಲ.
ಅನ್ನ, ಸಾರು, ಒಂದು ಪಲ್ಯ, ಮಜ್ಜಿಗೆ: ಅರವತ್ತು.
ಅಂದರೆ ನೂರ ತೊಂಬತ್ತು ಊಟ.
ನೂರ ತೊಂಬತ್ತು ಮುಚ್ಚಳ ಹೆಬ್ಬೆರಳಲ್ಲಿ ಒತ್ತಿ
ಟಕ್ ಅನ್ನಿಸಬೇಕು.
ಹೊಸ ಗ್ರೈಂಡರಿಗೆಂದು ಸಾಸಿವೆ ಡಬ್ಬಿಯಲ್ಲಿ ಬಚ್ಚಿಟ್ಟದ್ದನ್ನು
ಎಣಿಸಿ ಕೊಟ್ಟೆ. ನೋಟಿನ ಮಡಿಕೆಯಿಂದ
ಎರಡು ಕಾಳು ಮೇಸ್ತ್ರಿಯ ಅಂಗೈಗೆ ಉದುರಿದವು.

ಐದು ದಿನ ಆಟೋ.
ಹುಳಿ ಚೆಲ್ಲಿ ಸಿಂಗಾರವೇಲು ಮಾತು ಬಿಟ್ಟ.

ಆರನೆಯ ದಿನ ಅದೇ ವ್ಯಾನು, ಅದೇ ಕೊಳವೆ.
'ಎರಡೂ ಚಿಲ್ಲರೆ! ಪಾಸು ಅಕ್ಕಾ!'
ತಾನೇ ಓದಿಸಿದ ಮಗುವೆಂಬಂತೆ ಹಿಗ್ಗಿದ,
ಮೊನ್ನೆಯ ಇನ್ನೂರು ಮರೆತೇಹೋದವನು.

ಕಿದ್ವಾಯಿ ಗೇಟಿನಾಚೆ, ಹೊಂಗೆ ಮರದ ಕೆಳಗೆ,
ಹೆಂಡತಿಗೆ ಕರೆಂಟು ಕೊಡಿಸಲು ಸಿಂಧನೂರಿನಿಂದ ಬಂದ ಹುಲಿಗೆಪ್ಪ,
ಮೂರು ತಿಂಗಳಿಂದ ನನ್ನ ಡಬ್ಬಿಯೇ,
ಎರಡು ತುತ್ತಿಗೆ ತಲೆ ಎತ್ತಿದ:
'ಅಕ್ಕಾರ, ಸಾರಿಗೆ ಏನರ ಬದ್ಲಿ ಮಾಡೀರೇನ್ರಿ?
ಇಷ್ಟು ದಿನ ಒಂದು ವಾಸ್ನಿ ಇರ್ತಿತ್ತು.
ಬೆಂಗ್ಳೂರು ನೀರಿಂದಿರಬೇಕು ಅಂತ
ಸುಮ್ನೆ ಉಣ್ತಿದ್ದೆ.'

ಬಾಟಲಿ ನೀರಿನಲ್ಲಿ ಸೌಟು ತೊಳೆದೆ.
ತೊಳೆದದ್ದನ್ನು ಇನ್ನೊಮ್ಮೆ.